ಕಡಲಿಗೆ ಹೋದ ನಮ್ಮ ಕೊಲ್ಲಿಯ ಅಜ್ಜಿ

ನಾನು ಓದಿದ್ದು ಎರಡನೆಯ ಕ್ಲಾಸು. ಅದೂ ಪೂರ್ತಿ ಅಲ್ಲ, ತಮ್ಮ ಹುಟ್ಟಿದ ಮೇಲೆ ತೊಟ್ಟಿಲು ತೂಗಲಿಕ್ಕೆ ನನ್ನನ್ನು ಮನೆಯಲ್ಲೇ ಉಳಿಸಿಕೊಂಡರು. ಹಾಗಾಗಿ ಇವತ್ತಿಗೂ ನಾನು ಓದುವುದೆಂದರೆ ಬೆರಳಿಟ್ಟು, ಒಂದೊಂದೇ ಅಕ್ಷರವನ್ನು ಮೀನಿನ ಮುಳ್ಳು ಬಿಡಿಸಿದ ಹಾಗೆ ಬಿಡಿಸಿ, ಕೊನೆಗೆ ಎಲ್ಲವನ್ನೂ ಕೂಡಿಸಿ ಬಾಯಿಬಿಟ್ಟು ಹೇಳಿ ನೋಡುವುದು. ಇಷ್ಟು ಕಷ್ಟಪಟ್ಟು ಓದಿದ ಮೇಲೆ ಅದು ಸುಳ್ಳು ಎಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಸರಾಗವಾಗಿ ಓದುವವರು ಬೇಗ ಸಂಶಯಪಡುತ್ತಾರೆ. ಅವರಿಗೇನು, ಬೆವರು ಹರಿದಿರುವುದಿಲ್ಲ. ನಾನಂತೂ ಅಚ್ಚಾದದ್ದನ್ನೆಲ್ಲ ನಂಬುತ್ತಿದ್ದೆ. ಸೋಪಿನ ಕಾಗದದ ಮೇಲಿನ ಹೆಂಗಸು ಅದೇ ಸೋಪಿನಿಂದ ಬೆಳ್ಳಗಾದಳೆಂದು ನಂಬಿ ಆರು ತಿಂಗಳು ಮೈ ಕೆಂಪಾಗುವಷ್ಟು ತಿಕ್ಕಿಕೊಂಡವಳು ನಾನು. ಆ ನಂಬಿಕೆ ಬಿಟ್ಟುಹೋದದ್ದು ನಾನೇ ಅಚ್ಚಾದ ಮೇಲೆ.

ನಮ್ಮ ಮನೆ ಆಲೆಟ್ಟಿಯಲ್ಲಿ. ಮನೆಮಾತು ಅರೆಭಾಷೆ. ಅದನ್ನು ಹಾಗೆಯೇ ಬರೆದರೆ ನಿಮಗೆ ಕಷ್ಟ, ಅದಕ್ಕೆ ಎಲ್ಲರೂ ಕನ್ನಡವನ್ನೇ ಆಡಿದ ಹಾಗೆ ಬರೆದಿದ್ದೇನೆ. ನಮ್ಮಲ್ಲಿ ಕೊಲ್ಲಿ ಎಂದರೆ ಗುಡ್ಡದ ಸಂದಿನಿಂದ ಇಳಿದು ಬರುವ ತೊರೆ. ಪುಸ್ತಕದ ಕನ್ನಡದಲ್ಲಿ ಕೊಲ್ಲಿ ಎಂದರೆ ಕಡಲು ನೆಲದೊಳಗೆ ನುಗ್ಗಿದ ಜಾಗವಂತೆ. ಇದು ನನಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ, ಮರ್ಯಾದೆ ಹೋದ ಮೇಲೆ.

ನಮ್ಮ ಮನೆಯ ಹಿಂದಿನ ಕೊಲ್ಲಿಗೆ ಮಳೆ ಬಿಟ್ಟ ನಂತರ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುತ್ತೇವೆ. ನಮ್ಮ ಮನೆ ಮತ್ತು ಕೆಳಗಿನ ಮನೆಯ ದೇವಣ್ಣನ ಮನೆ, ಎರಡೂ ಸೇರಿ. ಹಾಗೆ ನಿಂತ ನೀರಿನಲ್ಲೇ ಬೇಸಗೆಯ ಬೆಳೆ, ಕೊಳಕೆ. ಆಟಿ ತಿಂಗಳ ಬಿಡದ ಮಳೆಯಲ್ಲಿ ನಾವು ಉಣ್ಣುವುದು ಕೊಳಕೆಯ ಅಕ್ಕಿಯನ್ನು. ಮೊದಲು ನೀರು ಹಿಡಿದವರ ಗದ್ದೆ ಮೊದಲು ನಾಟಿಯಾಗುತ್ತದೆ. ತಡವಾದವರ ಪೈರು ತೆನೆ ಬರುವ ಹೊತ್ತಿಗೆ ಕೊಲ್ಲಿ ಬತ್ತುತ್ತದೆ. ಮೊದಲ ಮೂರು ದಿನದ ನೀರು ನಮ್ಮ ಮನೆಗೆ ಎಂದು ತಲೆತಲಾಂತರದಿಂದ ನಡೆದು ಬಂದಿತ್ತು. ಅದಕ್ಕೆ ಕಾಗದ ಇಲ್ಲ, ಪತ್ರ ಇಲ್ಲ. ಇದ್ದದ್ದು ಒಂದು ಕಥೆ.

ಕಥೆ ಇಷ್ಟೇ. ಹಿಂದೆ ಒಮ್ಮೆ ಕಟ್ಟ ನಡುವಿನಲ್ಲಿ ಒಡೆಯಿತು. ಗಂಡಸರು ಕಲ್ಲು ತರಲು ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ನಮ್ಮ ಮನೆಯ ಸೊಸೆ ದೇಯಕ್ಕ ಎಂಬವಳು ಒಡೆದ ಜಾಗದಲ್ಲಿ ನೀರಿಗೆ ಬೆನ್ನು ಕೊಟ್ಟು ಕೂತಳು. ಕಟ್ಟ ಉಳಿಯಿತು. ಕೊನೆಗೆ ಬಂದ ಗಂಡಸರು ಅವಳ ಪಕ್ಕಕ್ಕೆ ಉರುಳಿಸಿದ ದೊಡ್ಡ ಕಲ್ಲು ಇವತ್ತಿಗೂ ಉಂಟು, ಅದಕ್ಕೆ ಅಜ್ಜಿಕಲ್ಲು ಎನ್ನುತ್ತೇವೆ. ಅವಳು ಕೂತದ್ದಕ್ಕೆ ಮೂರು ದಿನದ ನೀರು. ಅವಳಿಗೆ ಸಿಕ್ಕಿದ್ದು ನೆಗಡಿ.

ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷ ಆಗಿರಬೇಕು. ಮಂಗಳೂರಿನಲ್ಲಿದ್ದ ನನ್ನ ತಂಗಿಯ ಬಾಣಂತನಕ್ಕೆ ಹೋಗಿದ್ದೆ. ಅವಳ ಗಂಡ ಒಬ್ಬ ವಕೀಲರ ಹತ್ತಿರ ಗುಮಾಸ್ತ. ಆ ವಕೀಲರಿಗೆ ಒಂದು ಹಾಯಿದೋಣಿ ಇತ್ತು. ಮೀನಿಗಲ್ಲ, ಹಂಚು ಸಾಗಿಸಲಿಕ್ಕಲ್ಲ, ಸುಮ್ಮನೆ ತಿರುಗಲಿಕ್ಕೆ. "ಅದಕ್ಕೆ ಯಾಟ್ ಅಂತ ಹೇಳುದು ಅಕ್ಕ" ಎಂದ ತಂಗಿಯ ಗಂಡ. "ಆಟವಾ?" ಎಂದೆ. ನಾನು ಕೇಳಿದ್ದೇ ಸರಿ ಇತ್ತು ಎಂದು ಆಮೇಲೆ ಅನ್ನಿಸಿತು. ವಕೀಲರು ರಜೆ ಬಂದರೆ ಸಾಕು, ಕರಾವಳಿಯ ಒಂದೊಂದು ಕೊಲ್ಲಿಗೂ ಹಾಯಿ ಹಾಕಿಕೊಂಡು ಹೋಗಿ ಅಲ್ಲಿಯ ಹಳೆಯ ಕಥೆಗಳನ್ನು ಬರೆದುಕೊಂಡು ಬರುವವರು. ಹಳ್ಳಿಯ ಹೆಂಗಸರಲ್ಲಿ ಕಥೆ ಇರುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರಂತೆ. ಒಂದು ಭಾನುವಾರ ನನ್ನನ್ನೂ ದೋಣಿಗೆ ಹತ್ತಿಸಿದರು. ನಾನು ಹತ್ತಿದ್ದು ಕಥೆ ಹೇಳಲಿಕ್ಕಲ್ಲ, ಬಾಣಂತಿಯ ಕೋಣೆಯ ಹೊಗೆಯಿಂದ ಒಂದು ದಿನ ತಪ್ಪಿಸಿಕೊಳ್ಳಲಿಕ್ಕೆ.

ಅಳಿವೆ ದಾಟುವವರೆಗೆ ಚಂದ. ದಾಟಿದ ಮೇಲೆ ನನ್ನ ಹೊಟ್ಟೆಯಲ್ಲಿದ್ದ ಗಂಜಿ, ಉಪ್ಪಿನಕಾಯಿ ಎಲ್ಲ ಒಂದೊಂದಾಗಿ ಕಡಲಿಗೆ. ವಕೀಲರು ಅದನ್ನು ನೋಡದ ಹಾಗೆ ಮಾಡಿ, ಕೈ ತೋರಿಸಿ ತೋರಿಸಿ ಕಥೆ ಹೇಳುತ್ತಿದ್ದರು. ಒಂದು ಕಡೆ ಅಲೆಗಳು ಸದ್ದು ಮಾಡುವುದಿಲ್ಲವಂತೆ. ಯಾವುದೋ ಕಾಲದಲ್ಲಿ ಒಬ್ಬ ತಾಯಿ ಅಲ್ಲಿ ಕೂಸನ್ನು ಮಲಗಿಸಿ, ಸುಮ್ಮನಿರು ಎಂದು ಕಡಲಿಗೆ ಗದರಿದಳಂತೆ. ಇನ್ನೊಂದು ಕಡೆ ಸಾಲಾಗಿ ಬಂಡೆಗಳು. ತಂಗಿಗೆ ಹೇಳದೆ ಕಡಲಿಗೆ ಹೊರಟ ಏಳು ಅಣ್ಣಂದಿರ ದೋಣಿಗಳು ಕಲ್ಲಾದದ್ದಂತೆ. ಚುಕ್ಕಾಣಿ ಹಿಡಿದಿದ್ದ ಹಸನಬ್ಬ ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದ, "ಕಲ್ಲು ಆರೇ ಉಂಟಮ್ಮ. ಏಳನೆಯದು ಎಲ್ಲಿ ಅಂತ ಕೇಳ್ಬೇಡಿ, ವಕೀಲರಿಗೆ ಸಿಟ್ಟು ಬರ್ತದೆ."

ಆಮೇಲೆ ವಕೀಲರು ಪುಸ್ತಕ ಬಿಡಿಸಿ ಕೂತರು. "ನಿಮ್ಮ ಊರಲ್ಲಿ ಕೊಲ್ಲಿ ಉಂಟಾ ಅಮ್ಮ?"

"ಮನೆ ಹಿಂದೆಯೇ ಉಂಟು."

"ಊರು ಯಾವುದು?"

"ಆಲೆಟ್ಟಿ."

ಅವರು ಕೇಳದ ಹೆಸರು. ಕಡಲ ಮೇಲೆ ಕೂತು ಕೊಲ್ಲಿಯ ಮಾತಾಡುವವಳ ಊರು ಕಡಲ ಕರೆಯಲ್ಲಲ್ಲದೆ ಮತ್ತೆಲ್ಲಿ ಎಂದುಕೊಂಡಿರಬೇಕು. ತಂಗಿಯ ಗಂಡ ಹೇಳಬಹುದಿತ್ತು, ಆದರೆ ಅವನು ನನಗಿಂತ ಹೆಚ್ಚು ಕಾರುತ್ತಿದ್ದ.

"ನೀರು ಏರುದು ಇಳಿಯುದು ಹೇಗೆ?"

"ಏರಿದರೆ ಆನೆಯನ್ನೂ ಎಳ್ಕೊಂಡು ಹೋಗ್ತದೆ. ಇಳಿದರೆ ಸೀರೆ ಇಷ್ಟು ಎತ್ತಿದ್ರೆ ಸಾಕು, ಆಚೆ ದಡ."

"ದೋಣಿ ಓಡ್ತದಾ?"

"ಹಾಳೆ ದೋಣಿ. ಮಕ್ಕಳು ಬಿಡ್ತಾರೆ."

ಅಡಿಕೆಯ ಹಾಳೆಯನ್ನು ಮಡಚಿ ಮಕ್ಕಳು ನೀರಿಗೆ ಬಿಡುವ ಆಟದ ದೋಣಿ. ಅವರು ಅದನ್ನೂ ಬರೆದುಕೊಂಡರು. ನಂತರ ದೇಯಕ್ಕನ ಕಥೆ ಹೇಳಿದೆ. ಬೆನ್ನು ಕೊಟ್ಟು ಕೂತಳು ಎನ್ನುವವರೆಗೆ ಸರಿಯಾಗಿ ಹೇಳಿದೆ. ನೆಗಡಿ ಆಯಿತು, ಆಮೇಲೆ ಮೂರು ಹೆತ್ತು ಇಪ್ಪತ್ತು ವರ್ಷ ಬದುಕಿದಳು ಎನ್ನುವಷ್ಟರಲ್ಲಿ ಹಾಯಿ ಪಟಪಟನೆ ಬಡಿಯಿತು, ನಾನು ಮತ್ತೊಮ್ಮೆ ದೋಣಿಯ ಅಂಚಿಗೆ ಬಗ್ಗಿದೆ. ಆ ಭಾಗ ಅವರಿಗೆ ಕೇಳಲಿಲ್ಲ.

ಮರು ವರ್ಷ ಕಟ್ಟ ಕಟ್ಟುವ ಮುಂಚಿನ ವಾರ ದೇವಣ್ಣ ನಮ್ಮ ಜಗಲಿಗೆ ಬಂದ. ನಮ್ಮವರಿಗಿಂತ ಸಣ್ಣವನು, ನನ್ನನ್ನು ಅತ್ತಿಗೆ ಎನ್ನುವವನು. ಊರಿನಲ್ಲಿ ಸರಾಗವಾಗಿ ಓದುವವನು ಅವನೊಬ್ಬನೇ. ಸುಳ್ಯಕ್ಕೆ ಹೋದರೆ ಉಪ್ಪಿಗಿಂತ ಮುಂಚೆ ಹಳೆಯ ಪತ್ರಿಕೆ ತರುವವನು. ಕೂತು, ವೀಳ್ಯ ಹಾಕಿ, ಒಂದು ವಾರಪತ್ರಿಕೆ ಬಿಡಿಸಿ ಗಟ್ಟಿಯಾಗಿ ಓದಿದ. ತೆಂಕಣ ಕರಾವಳಿಯಲ್ಲಿ ಆಲೆಟ್ಟಿ ಎಂಬ ಕಡಲೂರಿದೆ. ಅಲ್ಲಿಯ ಪುಟ್ಟ ಕೊಲ್ಲಿಯನ್ನು ಇಳಿತದ ಹೊತ್ತಿನಲ್ಲಿ ಹೆಂಗಸರೂ ನಡೆದೇ ದಾಟುತ್ತಾರೆ. ಹಾಳೆ ದೋಣಿ ಎಂಬ ವಿಶೇಷ ನೌಕೆಯನ್ನು ಅಲ್ಲಿ ಮಕ್ಕಳು ಸಹ ನಡೆಸಬಲ್ಲರು. ದೇಯಕ್ಕ ಎಂಬ ಸಾಧ್ವಿ ಸಮುದ್ರರಾಜನಿಗೆ ಬೆನ್ನೊಡ್ಡಿ ಕೂತು ಊರನ್ನು ಉಳಿಸಿ ಶಿಲೆಯಾದಳು. ಈ ಕಥೆಯನ್ನು ನಮಗೆ ಹೇಳಿದವಳು ಅದೇ ಊರಿನ ಒಬ್ಬ ಹಣ್ಣುಹಣ್ಣು ಮುದುಕಿ.

ಆಗ ನನಗೆ ನಲವತ್ತೊಂದು.

"ಈಗ ಎಂತ ಅದಕ್ಕೆ?" ಎಂದರು ನಮ್ಮವರು.

"ಎಂತ ಅಂದ್ರೆ ಅಣ್ಣ, ಆಲೆಟ್ಟಿ ಎರಡು ಉಂಟಂತೆ. ಅಜ್ಜಿ ಕೂತದ್ದು ಕಡಲಿನ ಆಲೆಟ್ಟಿಯಲ್ಲಿ. ಇಷ್ಟು ವರ್ಷ ಅವಳ ಹೆಸರಲ್ಲಿ ನೀರು ಹಿಡಿದದ್ದು ನೀವು. ಈ ಸಲ ಮೊದಲಿನ ಮೂರು ದಿನ ನನಗೆ ಬಿಡಿ."

"ಕಲ್ಲು ಇಲ್ಲೇ ಉಂಟಲ್ಲ ಮಾರಾಯ," ಎಂದೆ ನಾನು.

"ಕಲ್ಲು ಎಲ್ಲ ಕಡೆ ಉಂಟು ಅತ್ತಿಗೆ. ಅಚ್ಚಾದ ಕಲ್ಲು ಅದೊಂದೇ."

ಅಚ್ಚಾದದ್ದು ಸುಳ್ಳಾಗುವುದಿಲ್ಲ ಎಂದು ಅವನಿಗೇ ಎಷ್ಟೋ ಸಲ ಹೇಳಿದವಳು ನಾನು. ದೇವಣ್ಣ ಕೆಟ್ಟವನಲ್ಲ, ಅದನ್ನೂ ಹೇಳಿಬಿಡಬೇಕು. ಆ ವರ್ಷ ಅವನ ವಿಧವೆ ತಂಗಿ ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಅವನ ಮನೆಯಲ್ಲಿ ಉಣ್ಣುವವರು ಹದಿಮೂರು, ನಮ್ಮಲ್ಲಿ ಆರು. ಹಿಂದಿನ ಕೊಳಕೆಯಲ್ಲಿ ಅವನ ಗದ್ದೆಯ ಅರ್ಧ ಜೊಳ್ಳಾಗಿತ್ತು. ಸುಮ್ಮನೆ ಬಂದು ಕೇಳಿದ್ದರೆ ನಮ್ಮವರು ಒಂದು ದಿನ ಬಿಡುತ್ತಿದ್ದರೋ ಏನೋ. ಆದರೆ ಕೇಳಲು ಅವನಿಗೆ ನಾಚಿಕೆ, ಬಿಡಲು ನನಗೆ ಮನಸ್ಸಿಲ್ಲ. ಹಾಗಾಗಿ ಇಬ್ಬರೂ ಅಜ್ಜಿಯನ್ನು ಹಿಡಿದುಕೊಂಡು ಜಗ್ಗಿದೆವು.

ನಾನು ವಕೀಲರಿಗೆ ಕಾಗದ ಬರೆಯಲು ಕೂತೆ. ಜೀವಮಾನದಲ್ಲಿ ಬರೆದ ಮೊದಲ ಕಾಗದ. ಎರಡು ದಿನ ಹಿಡಿಯಿತು. "ನಮ್ಮ ಕೊಲ್ಲಿ ಬೇರೆ ನಿಮ್ಮ ಕೊಲ್ಲಿ ಬೇರೆ. ನಮ್ಮ ಅಜ್ಜಿಯನ್ನು ನೀವು ಕಡಲಿಗೆ ಹಾಕಿದ್ದೀರಿ. ನಮಗೆ ನೀರು ಇಲ್ಲದ ಹಾಗೆ ಆಗಿದೆ. ಬಂದು ತೆಗೆಯಿರಿ." ನಮ್ಮವರು ಓದಿ, "ಪೊಲೀಸರನ್ನು ಕರೆದುಕೊಂಡು ಬಂದಾರು" ಎಂದರು. ಕೆಳಗೆ ನಾನು ಮುದುಕಿ ಅಲ್ಲ ಎಂದೂ ಒಂದು ಸಾಲು ಸೇರಿಸಿದೆ.

ಬಂದರು. ವಕೀಲರು ಪುತ್ತೂರಿನ ಮಾರ್ಗವಾಗಿ ಬಸ್ಸಿನಲ್ಲಿ ಬಂದು, ಕೊನೆಯ ದಾರಿಯನ್ನು ನಡೆದು, ಧೂಳಾದ ಬಿಳಿಯ ಪ್ಯಾಂಟಿನಲ್ಲಿ ಅಂಗಳಕ್ಕೆ ಹತ್ತಿದರು. ಕೈಯಲ್ಲಿ ಕಡಲಿನ ನಕ್ಷೆ. ಮನೆಯ ಹಿಂದೆ ಕರೆದುಕೊಂಡು ಹೋಗಿ, "ಇದೇ" ಎಂದೆ. ಅವರು ಆ ಕಡೆ ನೋಡಿದರು, ಈ ಕಡೆ ನೋಡಿದರು. "ಇದು ತೋಡಲ್ಲವಾ ಅಮ್ಮ, ಸಣ್ಣ ತೊರೆ?" ಎಂದರು. ಆಮೇಲೆ ನಕ್ಷೆಯನ್ನು ಮೆಲ್ಲಗೆ ಮಡಚಿ, ಅಜ್ಜಿಕಲ್ಲಿನ ಮೇಲೆ ಕೂತು, ಬೂಟು ಬಿಚ್ಚಿ ಕಾಲನ್ನು ನೀರಿಗೆ ಇಳಿಬಿಟ್ಟರು. ಹೀಗೆ ಮುಖ ಸಣ್ಣದು ಮಾಡಿಕೊಂಡ ವಕೀಲರನ್ನು ನಾನು ಮತ್ತೆ ಕಂಡಿಲ್ಲ.

ಅಷ್ಟು ಹೊತ್ತಿಗೆ ದೇವಣ್ಣ ಪತ್ರಿಕೆ ಹಿಡಿದುಕೊಂಡು ಬಂದ. ಜೊತೆಗೆ ಎಳನೀರನ್ನೂ ತಂದಿದ್ದ, ಜಗಳಕ್ಕೆ ಬಂದರೂ ಪರವೂರಿನವರಿಗೆ ಬಾಯಾರಿಕೆಗೆ ಕೊಡದ ಜಾತಿಯಲ್ಲ ಅವನು. "ನೀವೇ ಹೇಳಿ ವಕೀಲರೇ, ಅಜ್ಜಿ ಎಲ್ಲಿಯವಳು?"

ತಪ್ಪಾಯಿತು, ಇಲ್ಲಿಯವಳೇ ಎಂದರು ವಕೀಲರು.

"ಹಾಗಾದ್ರೆ ಬರೆದದ್ದು ಸುಳ್ಳಾ? ಸುಳ್ಳು ಬರೆದವರು ಈಗ ಹೇಳುದು ಸತ್ಯ ಅಂತ ನಾನು ಹೇಗೆ ನಂಬುದು?"

ವಕೀಲರು ಎಳನೀರು ಪೂರ್ತಿ ಕುಡಿದರು. ಕುಡಿದು, ಮೆಲ್ಲಗೆ ಶುರುಮಾಡಿದರು. ಕಥೆ ಅಚ್ಚಾದ ಮೇಲೆ ಅವರ ಹಸನಬ್ಬ ಅದನ್ನು ಹೋದ ಹೋದ ಕಡೆ ಹೇಳಿದನಂತೆ. ಈಗ ತೆಂಕಿನ ಒಂದು ಕೊಲ್ಲಿಯಲ್ಲಿ ಮೀನಿನವರು ಒಂದು ಬಂಡೆಯನ್ನೇ ದೇಯಕ್ಕ ಎನ್ನುತ್ತಾರಂತೆ. ಅದರ ಎದುರು ಹೋಗುವಾಗ ಎಷ್ಟು ಗಾಳಿ ಇದ್ದರೂ ಹಾಯಿ ಅರ್ಧ ಇಳಿಸುತ್ತಾರಂತೆ. ಗಂಡಸರು ಕಡಲಿಗೆ ಹೋದ ದಿನ ಹೆಂಗಸರು ಆ ಕಡೆ ಮುಖಮಾಡಿ ಕೂತು ಬಲೆ ಹೊಲಿಯುತ್ತಾರಂತೆ. "ಅವರು ಆಲೆಟ್ಟಿ ನೋಡಿದವರಲ್ಲ. ನಿಮ್ಮ ಅಜ್ಜಿಯ ಹೆಸರು ಮಾತ್ರ ಕೇಳಿದವರು" ಎಂದರು.

ದೇವಣ್ಣ ಪತ್ರಿಕೆಯನ್ನು ಕಂಕುಳಿಗೆ ಸಿಕ್ಕಿಸಿದ. ತಲೆಯ ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿದ.

"ವಕೀಲರೇ, ಒಮ್ಮೆ ಆ ಕಲ್ಲಿನಿಂದ ಏಳಿ" ಎಂದ. ಅವರು ಎದ್ದರು. "ಅತ್ತಿಗೆ, ಮೂರು ದಿನ ನೀವೇ ಹಿಡಿಯಿರಿ. ಕಾಣದವರು ಹಾಯಿ ಇಳಿಸುವಾಗ, ಅವಳ ನೀರು ಕುಡಿದು ಬೆಳೆದವ ನಾನು ಜಗಳಾಡಿದ್ರೆ ಚಂದ ಅಲ್ಲ."

ಸಂಜೆಯ ಬಸ್ಸಿಗೆ ವಕೀಲರನ್ನು ಮುಟ್ಟಿಸಲು ನಾನೇ ಹೋದೆ. ದಾರಿಯಲ್ಲಿ ಕೇಳಿದೆ, "ಆ ಕೊಲ್ಲಿಯ ಹೆಸರೆಂತ? ಒಮ್ಮೆ ನೋಡ್ಬೇಕು." ಅವರು ಬೂಟಿನ ಧೂಳು ನೋಡುತ್ತಾ ನಾಲ್ಕು ಹೆಜ್ಜೆ ನಡೆದರು.

"ಹೆಸರು ಇನ್ನೂ ಇಟ್ಟಿಲ್ಲ ಅಮ್ಮ" ಎಂದರು.

ನನಗೆ ಅರ್ಥವಾಗಲು ಬಸ್ಸು ಬರುವಷ್ಟು ಹೊತ್ತು ಬೇಕಾಯಿತು. ಆ ಬಂಡೆ, ಆ ಹಾಯಿ, ಎಲ್ಲ ಎಳನೀರು ಕುಡಿಯುವಷ್ಟರಲ್ಲಿ ಹುಟ್ಟಿದ್ದು. ಬೈಯಬೇಕೆಂದು ಬಾಯಿ ತೆರೆದೆ. ಆದರೆ ಆ ಹೊತ್ತಿಗೆ ನಮ್ಮ ಗದ್ದೆಗೆ ನೀರು ನಿಶ್ಚಯವಾಗಿತ್ತು. ಬಾಯಿ ಮುಚ್ಚಿ, ಒಂದು ಗೊನೆ ಕದಳಿ ಬಾಳೆಹಣ್ಣು ಅವರ ಕೈಗೆ ಕೊಟ್ಟು ಕಳಿಸಿದೆ.

ಆ ವರ್ಷ ನಮ್ಮ ಕೊಳಕೆ ಚೆನ್ನಾಗಿ ಬಂತು. ದೇವಣ್ಣನದು ಹಿಂದಿನಂತೆಯೇ. ಆಟಿಯಲ್ಲಿ ಬೈಹುಲ್ಲಿನಲ್ಲಿ ಕಟ್ಟಿದ ಒಂದು ಮುಡಿ ಅಕ್ಕಿಯನ್ನು ಅವನ ಮನೆಗೆ ಹೊರಿಸಿದೆ. ಯಾಕೆ ಎಂದು ಅವನು ಕೇಳಿದ್ದಕ್ಕೆ, ಇಟ್ಟರೆ ಇಲಿ ತಿನ್ನುತ್ತದೆ ಎಂದೆ. ಅವನು ಇದ್ದಷ್ಟು ವರ್ಷವೂ ನಮ್ಮ ಮನೆಯ ಇಲಿ ಹಾಗೆಯೇ ಇತ್ತು, ನೀರನ್ನು ಮಾತ್ರ ನಾನು ಒಂದು ಗಳಿಗೆಯೂ ಬಿಡಲಿಲ್ಲ. ಅವನೋ, ಆ ಕಲ್ಲಿನ ಎದುರು ಹಾದುಹೋಗುವಾಗಲೆಲ್ಲ ಮುಂಡಾಸು ಬಿಚ್ಚುತ್ತಿದ್ದ. ನಾನು ಅಡಿಗೆಮನೆಯ ಕಿಟಕಿಯಿಂದ ನೋಡಿ ಒಲೆಯ ಕಡೆ ತಿರುಗುತ್ತಿದ್ದೆ.

ಈಗ ಅವನಿಲ್ಲ. ಅವನ ಮಗನೂ ಹಾಗೆಯೇ ಮುಂಡಾಸು ಬಿಚ್ಚುತ್ತಾನೆ, ಮೂರು ದಿನವೂ ಮಾತಿಲ್ಲದೆ ಕಾಯುತ್ತಾನೆ. ನಿಜ ಹೇಳಬೇಕೆಂದು ಎಷ್ಟೋ ಸಲ ಅನ್ನಿಸಿ, ಕೊನೆಗೆ ಇಲ್ಲಿ ಬರೆದಿದ್ದೇನೆ. ಅವನಿಗೆ ಅಪ್ಪನ ಹಾಗೆ ಪತ್ರಿಕೆ ಓದುವ ಅಭ್ಯಾಸ ಇಲ್ಲ ಎಂದು ಚೆನ್ನಾಗಿ ವಿಚಾರಿಸಿಕೊಂಡ ಮೇಲೆಯೇ ನಾನು ಬರೆಯಲು ಕೂತದ್ದು.