ಬಸ್ಬೂಸಾಳ ಖಾಲಿ ಸಿಂಹಾಸನ

ಕುರ್ಚಿಗೆ ಕಾಲು ನಾಲ್ಕು. ಕುರ್ಚಿ ಮಾಡುವ ರಶ್ವಾನನಿಗೆ ಅಭಿಪ್ರಾಯ ನಾಲ್ಕುನೂರು.

ದುಮ್ಯಾತ್ ಊರಿನಲ್ಲಿ ಬಡಗಿಗಳಿಗೇನು ಬರವಿಲ್ಲ. ಕಣ್ಣು ಮುಚ್ಚಿ ಕಲ್ಲೆಸೆದರೆ ಬಡಗಿಯ ತಲೆಗೆ ಬೀಳುತ್ತದೆ, ಗುರಿ ತಪ್ಪಿದರೆ ಮಂಚದ ಮೇಲೆ. ಆದರೂ ಮದುಮಕ್ಕಳ ಮಂಚದ ತಲೆದೆಸೆಗೆ ದ್ರಾಕ್ಷಿ ಬಳ್ಳಿ ಕೆತ್ತಿ, ಅದಕ್ಕೆ ಚಿನ್ನದ ಬಣ್ಣ ಕೂರಿಸಿ, ಕೈರೋದ ಸಾಹುಕಾರರೂ ಬಾಯಿ ತೆರೆದು ನಿಲ್ಲುವಂತೆ ಮಾಡುವ ಕೈ ರಶ್ವಾನನದೊಂದೇ. (ಇದು ಊರಿನ ಮಾತಲ್ಲ, ರಶ್ವಾನನ ಮಾತು. ಆದರೆ ಅವನು ಅದನ್ನು ಎಷ್ಟು ಸಲ ಹೇಳಿದ್ದಾನೆಂದರೆ ಊರೇ ಹೇಳಿದ ಹಾಗಾಗಿದೆ.) ಇಂಥ ಕಲಾವಿದನಿಗೆ ಸ್ವಂತ ಮನೆಯಲ್ಲಿ ಉಪ್ಪಿನ ಡಬ್ಬಿಗಿರುವಷ್ಟು ಮರ್ಯಾದೆಯೂ ಇಲ್ಲ ಎಂಬುದು ಅವನ ಹಳೆಯ ದೂರು.

ಆ ದೂರಿಗೆ ಪರಿಹಾರ ಆಸ್ಪತ್ರೆಯಿಂದ ಬಂತು. ಹೆಂಡತಿ ಇನ್‌ಶಿರಾಹ್ ಅಲ್ಲಿ ನರ್ಸು. ಒಂದು ಸಂಜೆ ಬಂದವಳು ಚಪ್ಪಲಿ ಬಿಡುತ್ತಲೇ ಹೇಳಿದಳು:

"ಈ ತಿಂಗಳು ನಂಗೆ ಮಧ್ಯಾಹ್ನದ ಪಾಳಿ. ಜುಮಾನಾಳ ಹೋಂವರ್ಕು ನಿನ್ನ ಪಾಲಿಗೆ, ಯಾ ರಶ್ವಾನ್."

"ಅಷ್ಟೇ ತಾನೆ?"

"ಅಷ್ಟೇ ಅಲ್ಲ. ಅವಳು ಸ್ಕೂಲಿಂದ ಬಂದ ಮೇಲೆ ಊಟ, ನಿದ್ದೆ, ಆಮೇಲೆ ಪಾಠ. ದಿನಾ ಅದೇ ಹೊತ್ತಿಗೆ. ಚೀಲ ಅವಳೇ ತುಂಬ್ಕೋಬೇಕು. ನೀನು ಸುಮ್ನೆ ಪಕ್ಕದಲ್ಲಿ ಕೂತಿರ್ಬೇಕು."

"ಕಾರ್ಖಾನೇಲಿ ಎಂಥೆಂಥ ತಲೆಹರಟೆ ಕೆಲಸಗಾರರನ್ನ ದಾರಿಗೆ ತಂದಿದೀನಿ! ಎರಡನೇ ಕ್ಲಾಸಿನ ಒಂದು ಮಗು ನಂಗೆ ಲೆಕ್ಕವಾ?"

"ಸುಮ್ನೆ ಕೂರೋದು ಅಂದೆ. ಅದೊಂದೇ ನಿನ್ನ ಕೈಲಾಗಲ್ಲ," ಎಂದು ಇನ್‌ಶಿರಾಹ್ ಅಡಿಗೆಮನೆಗೆ ಹೋದಳು.

ಹಾಗೆ ನೋಡಿದರೆ ಇದನ್ನೇ ಶಾಲೆಯ ಪಾಲಕರ ಸಭೆಯಲ್ಲಿ ಮಿಸ್ ವಿದಾದ್ ಕೂಡ ಹೇಳಿದ್ದರು. ಆ ಹೊತ್ತಿಗೆ ರಶ್ವಾನ್ ಬೆಂಚಿನ ಕೆಳಗೆ ತಲೆ ತೂರಿಸಿ, ಈ ದರಿದ್ರ ಕೀಲು ಯಾವ ಬಡಗಿ ಕೂರಿಸಿದ್ದು ಎಂದು ಪರೀಕ್ಷಿಸುತ್ತಿದ್ದ. ತಲೆ ಹೊರಗೆ ಬಂದಾಗ ಕಿವಿಗೆ ಬಿದ್ದದ್ದು "ಪಾಲಕರ ಸಹಕಾರ ಬೇಕೇ ಬೇಕು" ಎಂಬ ಕೊನೆಯ ಮಾತು. ಸಹಕಾರ ತಾನೆ? ಬೇಡ ಬೇಡವೆಂದರೂ ಕೊಡುವಷ್ಟು ಇದೆ, ಎಂದುಕೊಂಡು ಎದೆಯುಬ್ಬಿಸಿ ಮನೆಗೆ ಬಂದಿದ್ದ.

ಜುಮಾನಾಳ ವಿಷಯ ಹೇಳಬೇಕು. ಏಳು ವರ್ಷದ ಹುಡುಗಿ. ಮುಂದಿನ ಹಲ್ಲುಗಳಲ್ಲಿ ಒಂದು ಬಿದ್ದುಹೋಗಿ ಒಂದೇ ಒಂದು ಉಳಿದಿತ್ತು. ಮನೆಯಲ್ಲಿ ಅರಳು ಹುರಿದಂತೆ ಮಾತು. ತರಗತಿಯೊಳಗೆ ಕಾಲಿಟ್ಟರೆ ಬಾಯಿಗೆ ಬೀಗ. ಮಿಸ್ ಏನು ಕೇಳಿದರೂ ತಲೆ ತಗ್ಗಿಸಿ ಶೂ ನೋಡಿಕೊಳ್ಳುತ್ತಿದ್ದಳು. ಈ ವರ್ಷವಿಡೀ ಅವಳ ದನಿ ಹೇಗಿದೆಯೆಂದು ತರಗತಿಗೆ ಗೊತ್ತಿರಲಿಲ್ಲ. ಇನ್‌ಶಿರಾಹ್‌ಗೆ ಅದೇ ಕೊರಗು.

ಅಂಥ ಹುಡುಗಿ ಭಾನುವಾರ (ಆ ಊರಲ್ಲಿ ವಾರದ ರಜೆ ಶುಕ್ರವಾರ) ಶಾಲೆಯಿಂದ ಕುಣಿಯುತ್ತ ಬಂದಳು. ಅಂಗೈಯಲ್ಲಿ ಒಂದು ಫೂಲ್ ಕಾಳು. ಅವರೆಕಾಳಿನ ದೊಡ್ಡಣ್ಣನಂತೆ ದಪ್ಪಗೆ, ಕಂದುಬಣ್ಣದ್ದು. ಅದನ್ನು ಗಾಜಿನ ಲೋಟದಲ್ಲಿ ಒದ್ದೆ ಹತ್ತಿಯ ಮೇಲಿಡಬೇಕು, ದಿನಾ ನೋಡಬೇಕು, ಗುರುವಾರ ಎಲ್ಲರ ಮುಂದೆ ನಿಂತು ಏನೇನು ಕಂಡೆ ಎಂದು ಹೇಳಬೇಕು.

"ಈ ಸಲ ನಾನು ಮಾತಾಡ್ತೀನಿ ಮಾಮಾ," ಎಂದಳು ಜುಮಾನಾ, ಪಾಳಿ ಮುಗಿಸಿ ಬಂದ ತಾಯಿಗೆ. "ಬೇರೆ ಪಾಠ ಎಲ್ಲಾರಿಗೂ ಗೊತ್ತಿರುತ್ತೆ. ಬಸ್ಬೂಸಾ ವಿಷಯ ನಂಗೊಬ್ಳಿಗೇ ಗೊತ್ತಿರೋದು."

ಬಸ್ಬೂಸಾ ಎಂದರೆ ಅವಳಿಗೆ ಪ್ರಾಣವಾದ ರವೆಯ ಸಿಹಿ. ಕಾಳಿಗೆ ಅದೇ ಹೆಸರಾಯಿತು. ಇನ್‌ಶಿರಾಹ್ ಮಗಳನ್ನು ಅಪ್ಪಿಕೊಂಡು, ತಲೆಯ ಮೇಲಿಂದ ಗಂಡನ ಕಡೆ ಒಂದು ನೋಟ ಬೀರಿದಳು. 'ಇದನ್ನು ಕೆಡಿಸಿದೆಯೋ!' ಎಂಬ ನೋಟ. ಇಂಥ ನೋಟಗಳನ್ನು ರಶ್ವಾನ್ ಶುಭಾಶಯವೆಂದು ಭಾವಿಸುವವನು.

ಸೋಮವಾರ ಅವನು ಕಾರ್ಖಾನೆಯ ಕೆಲಸವನ್ನೆಲ್ಲ ಬದಿಗಿಟ್ಟು ಕಾಳಿಗೊಂದು ಪೀಠ ಮಾಡಿದ. ಸಿಂಹದ ಪಾದದ ನಾಲ್ಕು ಕಾಲು, ಬೆನ್ನಿಗೆ ದ್ರಾಕ್ಷಿ ಗೊಂಚಲು, ಮೈಯೆಲ್ಲ ಚಿನ್ನದ ಬಣ್ಣ, ಕೂರುವಲ್ಲಿ ಕೆಂಪು ಮಖಮಲ್ಲು. ಮದುಮಗಳ ಮಂಚಕ್ಕಾಗಿ ಕಾದಿದ್ದ ಗಿರಾಕಿಯನ್ನು "ತುರ್ತು ಆಸ್ಥಾನದ ಕೆಲಸ" ಎಂದು ವಾಪಸು ಕಳಿಸಿದ. ಲೋಟವನ್ನು ಸಿಂಹಾಸನಾರೂಢ ಮಾಡಿದಾಗ ಅವನ ತಾಯಿ ಸಿತ್ತ್ ನಫೂಸಾ ದೃಷ್ಟಿಯಾಗದಿರಲೆಂದು ಒಂದು ನೀಲಿ ಮಣಿಯನ್ನೂ ಕಟ್ಟಿದಳು. ಒಂದು ಕಾಳಿಗೆ ಇದಕ್ಕಿಂತ ಹೆಚ್ಚಿನ ರಾಜೋಪಚಾರ ಫರೋಗಳ ಕಾಲದಲ್ಲೂ ನಡೆದಿರಲಾರದು.

ಆದರೆ ಮಹಾರಾಣಿ ಮೊಳೆಯಲಿಲ್ಲ.

ಮಂಗಳವಾರ ಮಧ್ಯಾಹ್ನ ರಶ್ವಾನನ ಫೋನು ಟಿಣ್ ಟಿಣ್ ಎನ್ನತೊಡಗಿತು. ಇನ್‌ಶಿರಾಹ್ ತನ್ನ ಬದಲಿಗೆ ಅವನನ್ನು ತರಗತಿಯ ಅಮ್ಮಂದಿರ ವಾಟ್ಸಾಪ್ ಗುಂಪಿಗೆ ಸೇರಿಸಿದ್ದಳು. ಅಷ್ಟೂ ಅಮ್ಮಂದಿರ ನಡುವೆ ಮೀಸೆ ಇದ್ದವನು ಇವನೊಬ್ಬನೇ. ಅಲ್ಲಿ ಮೊಳಕೆಗಳ ಮೆರವಣಿಗೆ ನಡೆದಿತ್ತು. ಒಬ್ಬಳ ಮಗನ ಕಾಳು ಬಾಲ ಬಿಟ್ಟಿದೆ, ಇನ್ನೊಬ್ಬಳದು ಎಲೆ ಬಿಡುವ ಅಂದಾಜಿನಲ್ಲಿದೆ. ಮಾಶಾಲ್ಲಾ, ಮಾಶಾಲ್ಲಾ ಎಂಬ ಮೆಚ್ಚುಗೆಯ ಮಳೆ. ಕೊನೆಗೆ ಎದುರು ಬೀದಿಯ ಸೋಫಾ ವ್ಯಾಪಾರಿಯ ಹೆಂಡತಿ ಕೇಳಿಯೇಬಿಟ್ಟಳು: "ಜುಮಾನಾ ಅಪ್ಪಾ, ನಿಮ್ಮದು ಹೇಗಿದೆ? ಬರೀ ಕುರ್ಚಿ ಫೋಟೋ ಹಾಕಿದ್ದೀರಿ?"

ಸೋಫಾ ಮಾರುವವನ ಹೆಂಡತಿಯಿಂದ ಈ ಮಾತು! ರಶ್ವಾನನ ವಂಶದ ಮೀಸೆಯೆಲ್ಲ ಒಟ್ಟಿಗೆ ನಿಮಿರಿತು. ಅವನು ನೇರ ಸಂತೆಬೀದಿಗೆ ನಡೆದ. ಅಲ್ಲಿ ಸಾರಿಗೆಂದೇ ಮೊಳಕೆ ಕಟ್ಟಿದ ಫೂಲ್ ಕಾಳು ಗುಡ್ಡೆ ಹಾಕಿ ಮಾರುತ್ತಾರೆ. ಒಂದು ಪೊಟ್ಟಣ ತಂದು, ಅದರಲ್ಲಿ ಬಾಲ ಉದ್ದವಿದ್ದ ಗಂಡುಗಲಿಯೊಂದನ್ನು ಆರಿಸಿದ. ಮಗಳು ಊಟ ಮಾಡಿ ಮಲಗಿದ್ದಳು. ಲೋಟದಲ್ಲಿದ್ದ ಕಾಳನ್ನು ಎತ್ತಿ, ಅದರತ್ತ ಸರಿಯಾಗಿ ನೋಡದೆ, ಪೊಟ್ಟಣಕ್ಕೆ ಹಾಕಿದ. ಹೊಸ ಕಾಳನ್ನು ಹತ್ತಿಯ ಮೇಲೆ ಕೂರಿಸಿದ. ಆ ಕ್ಷಣಕ್ಕೆ ಸರಿಯಾಗಿ ಮಂಚದ ಗಿರಾಕಿಯ ಫೋನು ಬಂತು. ಪೊಟ್ಟಣವನ್ನು ಅಡಿಗೆಮನೆಯ ಕಟ್ಟೆಯ ಮೇಲಿಟ್ಟು, ಬೈಗುಳ ಕೇಳಲು ಬಾಲ್ಕನಿಗೆ ಹೋದ.

ಆ ಊರಲ್ಲಿ ಮೊಳಕೆ ಫೂಲ್ ಸಾರು ಯಾರೂ ಸುಮ್ಮಸುಮ್ಮನೆ ಮಾಡುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಮೈ ಹುಷಾರಿಲ್ಲದಾಗ ಮಾಡುತ್ತಾರೆ. ಕಟ್ಟೆಯ ಮೇಲಿನ ಪೊಟ್ಟಣ ಕಂಡ ಸಿತ್ತ್ ನಫೂಸಾಳ ಕರುಳು ಚುರುಕ್ಕೆಂದಿತು. ಪಾಪ, ಮಗನಿಗೆ ಜ್ವರ. ಹೇಳಿಕೊಳ್ಳಲು ನಾಚಿಕೆ, ತಾನೇ ಹೋಗಿ ಕಾಳು ತಂದಿಟ್ಟಿದ್ದಾನೆ. ಗಂಡಸರ ಹಣೆಬರಹವೇ ಹೀಗೆ. ಅವಳು ಏನೂ ಕೇಳಲಿಲ್ಲ. ಜೀರಿಗೆ, ಉಪ್ಪು, ನಿಂಬೆರಸ ಹಾಕಿ ಘಮಘಮ ಸಾರು ಕಾಯಿಸಿ ಬಟ್ಟಲು ತುಂಬ ತಂದಿಟ್ಟಳು.

ಗಿರಾಕಿಯ ಬೈಗುಳದಿಂದ ಬಳಲಿದ್ದ ರಶ್ವಾನ್ ಸೊರಸೊರನೆ ಕುಡಿದ.

"ಆಹಾ ಅಮ್ಮಾ! ಇನ್ನೊಂದು ಬಟ್ಟಲು ಹಾಕು. ಯಾವುದೋ ಒಂದು ಕಾಳು ಮಾತ್ರ ಬೆಂದಿಲ್ಲ ನೋಡು, ಕಟುಂ ಅಂತು."

"ನುಂಗಿಬಿಡು ನನ್ನ ಕಂದಾ. ಔಷಧಿ ಅದು."

ನುಂಗಿದ.

ಜುಮಾನಾ ಎದ್ದು ಬಂದಳು. ಎದ್ದವಳೇ ಮೊದಲು ಲೋಟದ ಹತ್ತಿರ ಹೋಗುವುದು ಅವಳ ಪದ್ಧತಿ. ರಶ್ವಾನ್ ಫೋನು ಹಿಡಿದು ನಿಂತ: ಮಗಳ ಆನಂದಬಾಷ್ಪ ತೆಗೆದು ಗುಂಪಿಗೆ ಹಾಕಲು. ಮಗಳು ಬಗ್ಗಿ ಆ ಕಡೆಯಿಂದ ನೋಡಿದಳು, ಈ ಕಡೆಯಿಂದ ನೋಡಿದಳು.

"ಇದು ಬಸ್ಬೂಸಾ ಅಲ್ಲ."

"ಬೆಳೆದಿದಾಳೆ ಹಬೀಬ್ತೀ, ನನ್ನ ಮುದ್ದೂ! ಮಕ್ಕಳು ಬೆಳೆದಾಗ ಗುರುತು ಸಿಗಲ್ಲ!"

"ಬಸ್ಬೂಸಾ ಮೈ ಮೇಲೆ ನನ್ನ ಹಲ್ಲಿನ ಗುರುತಿದೆ. ಎಷ್ಟು ಗಟ್ಟಿ ಅಂತ ಮೊದಲ ದಿನ ಕಚ್ಚಿ ನೋಡಿದ್ದೆ. ಒಂದೇ ಹಲ್ಲು ಅಲ್ವಾ, ಒಂದೇ ಗುರುತು." ಅವಳು ಹತ್ತಿಯನ್ನು ಎತ್ತಿ ಅದರ ಕೆಳಗೂ ನೋಡಿದಳು. "ಇವತ್ತು ಬೆಳಿಗ್ಗೆ ಅವಳ ಸಿಪ್ಪೆ ಬಿರಿದು ಬೆಳ್ಳಗೆ ಒಂಚೂರು ಇಣುಕ್ತಾ ಇತ್ತು ಬಾಬಾ. ನನ್ನ ಒಸಡಲ್ಲೂ ಇವತ್ತೇ ಹೊಸ ಹಲ್ಲು ಇಣುಕಿದೆ, ನೋಡು. ಇಬ್ರಿಗೂ ಒಂದೇ ದಿನ ಬಂತು ಅಂತ ಕ್ಲಾಸಲ್ಲಿ ಹೇಳೋಣ ಅಂತಿದ್ದೆ. ಅವಳೆಲ್ಲಿ?"

ರಶ್ವಾನ್ ಅಡಿಗೆಮನೆಯ ಕಟ್ಟೆ ನೋಡಿದ. ಕಟ್ಟೆ ಖಾಲಿ. ತಾಯಿಯನ್ನು ನೋಡಿದ. ಬಟ್ಟಲು ನೋಡಿದ. ಕೊನೆಗೆ ಮೆಲ್ಲಗೆ ತನ್ನ ಹೊಟ್ಟೆ ನೋಡಿಕೊಂಡ.

"ಕಟುಂ ಅಂದದ್ದು..." ಎಂದಳು ಸಿತ್ತ್ ನಫೂಸಾ, ಎದೆಯ ಮೇಲೆ ಕೈಯಿಟ್ಟು.

ಜುಮಾನಾ ಅಳಲಿಲ್ಲ. ಅತ್ತಿದ್ದರೆ ಬಸ್ಬೂಸಾ ಒಂದು ತಟ್ಟೆ ತಂದು ಸಮಾಧಾನ ಮಾಡಬಹುದಿತ್ತು. (ಈ ಮಾತು ಅವನ ನಾಲಿಗೆಯ ತುದಿಗೆ ಬಂದು, ದೇವರ ದಯೆಯಿಂದ ಅಲ್ಲೇ ನಿಂತಿತು.) ತರಗತಿಯಲ್ಲಿ ಹಾಕಿಕೊಳ್ಳುವ ಬೀಗವನ್ನು ಅವಳು ಮನೆಯಲ್ಲೂ ಹಾಕಿಕೊಂಡಳು. ಪಾಳಿ ಮುಗಿಸಿ ಬಂದ ಇನ್‌ಶಿರಾಹ್ ವಿಷಯ ಕೇಳಿ ಗಂಡನನ್ನು ಬೈಯಲಿಲ್ಲ. ಅದಕ್ಕಿಂತ ಘೋರವಾದದ್ದನ್ನು ಮಾಡಿದಳು.

"ಅವಳು ಈ ಸಲ ಮಾತಾಡ್ತೀನಿ ಅಂದಿದ್ಲು," ಎಂದಷ್ಟೇ ಹೇಳಿದಳು.

ಬುಧವಾರ ಇಡೀ ದಿನ ಮನೆಯಲ್ಲಿ ಮಾತಾಡಿದ್ದು ಗಡಿಯಾರವೊಂದೇ. ಬೆಳಿಗ್ಗೆ ಮಾತ್ರ ಜುಮಾನಾ ಅಪ್ಪನ ಹತ್ತಿರ ಬಂದು, ಅವನ ಎರಡೂ ಕಿವಿಗಳೊಳಗೆ ಇಣುಕಿ ನೋಡಿ ಹೊರಟುಹೋದಳು. ಕ್ಷಮಿಸಿದ್ದಾಳೆ, ಅದಕ್ಕೇ ಮುದ್ದು ಮಾಡಿದಳು, ಎಂದು ರಶ್ವಾನ್ ಧೈರ್ಯ ತಂದುಕೊಂಡ. ಧೈರ್ಯ ಅವನಿಗೆ ಬೇಗ ಬರುತ್ತದೆ.

ಗುರುವಾರ ಅಪ್ಪ, ಅಮ್ಮ, ಮಗಳು ಮೂವರೂ ಶಾಲೆಗೆ ನಡೆದರು. ಸಿಂಹಾಸನ ರಶ್ವಾನನ ಕಂಕುಳಲ್ಲಿ, ಖಾಲಿ ಲೋಟ ಜುಮಾನಾಳ ಕೈಯಲ್ಲಿ. ಅಂಗಡಿ ಕಾಳನ್ನು ಅವಳು ಮುಟ್ಟಲೂ ಇಲ್ಲ. ಗೇಟಿನ ಹತ್ತಿರ ರಶ್ವಾನ್ ಬಗ್ಗಿ ಪಿಸುಗುಟ್ಟಿದ:

"ಬೆಕ್ಕು ತಿಂತು ಅಂದ್ಬಿಡು ಪುಟ್ಟಾ. ಎಲ್ಲಾ ಸಲೀಸಾಗುತ್ತೆ."

ಎರಡು ದಿನದ ಮೇಲೆ ಬೀಗ ತೆರೆಯಿತು. "ಸುಮ್ಸುಮ್ನೆ ಬೆಕ್ಕಿನ ಹೆಸರು ಯಾಕೆ ಕೆಡಿಸ್ಬೇಕು ಬಾಬಾ?"

ತಂದೆತಾಯಿಯರು ತರಗತಿಯ ಹಿಂದೆ ಸಾಲಾಗಿ ನಿಂತರು. ಒಬ್ಬೊಬ್ಬ ಮಗುವೂ ಮೊಳಕೆ ಹಿಡಿದು ಬಂದು, ಅಮ್ಮ ಉರುಹಚ್ಚಿಸಿದ್ದನ್ನು ಒಪ್ಪಿಸಿ ಹೋಯಿತು. ಸೋಫಾದವನ ಮಗ ನಡುವೆ ಮರೆತು ಹಿಂದೆ ತಿರುಗಿ ಅಮ್ಮನ ತುಟಿ ನೋಡಿಕೊಂಡ. ಆಮೇಲೆ ಮಿಸ್ ವಿದಾದ್ ಮೆಲ್ಲಗೆ ಕರೆದರು: "ಜುಮಾನಾ?"

ಜುಮಾನಾ ಸಿಂಹಾಸನವನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಖಾಲಿ ಲೋಟ ಇಟ್ಟಳು. ತಲೆ ತಗ್ಗಿಸಿ ಶೂ ನೋಡಿಕೊಂಡಳು. ರಶ್ವಾನ್ ಜೀವನದಲ್ಲಿ ಮೊದಲ ಸಲ, ಮಾತಾಡಬೇಕೆನಿಸಿಯೂ ಬಾಯಿ ಮುಚ್ಚಿಕೊಂಡು ನಿಂತ.

"ನನ್ನ ಕಾಳಿನ ಹೆಸರು ಬಸ್ಬೂಸಾ," ಎಂದಿತು ಒಂದು ಸಣ್ಣ ದನಿ. ತರಗತಿ ಥಟ್ಟನೆ ತಲೆಯೆತ್ತಿತು. ಓಹೋ, ಇವಳಿಗೂ ದನಿಯಿದೆ! "ಮೊದಲ ದಿನ ಅವಳು ಕಲ್ಲಿನ ಹಾಗಿದ್ಲು. ಮಾರನೇ ದಿನ ಉಬ್ಬಿ, ಸಿಪ್ಪೆ ಸುಕ್ಕಾಯ್ತು, ಸ್ನಾನ ಜಾಸ್ತಿ ಮಾಡಿದ್ರೆ ಬೆರಳು ಆಗುತ್ತಲ್ಲ, ಹಾಗೆ. ಮಂಗಳವಾರ ಬೆಳಿಗ್ಗೆ ಸಿಪ್ಪೆ ಬಿರೀತು. ಬೆಳ್ಳಗೆ ಇಣುಕಿದ್ದು ಮೇಲಕ್ಕಲ್ಲ, ಕೆಳಕ್ಕೆ ಬಗ್ಗಿತ್ತು. ಅದು ಬೇರು. ಮಂಗಳವಾರ ಮಧ್ಯಾಹ್ನ ಬಾಬಾ ಅವಳನ್ನ ತಿಂದುಬಿಟ್ರು."

ತಕ್ಷಣ ತರಗತಿಯ ಅಷ್ಟೂ ಕೈಗಳು ಮೇಲೆದ್ದವು.

"ಉಪ್ಪು ಹಾಕ್ಕೊಂಡ್ರಾ?"

"ಉಪ್ಪು, ಜೀರಿಗೆ, ನಿಂಬೆರಸ. ಅಜ್ಜಿ ಬೇಯಿಸಿದ್ರು."

"ಹೊಟ್ಟೇಲಿ ಗಿಡ ಬರುತ್ತಾ?" ಸೋಫಾದವನ ಮಗ ಕೇಳಿದ.

"ಬೆಂದ ಕಾಳು ಮೊಳೆಯಲ್ಲ," ಎಂದಳು ಜುಮಾನಾ ಗಂಭೀರವಾಗಿ. "ಆದ್ರೆ ಇವಳು ಸರಿಯಾಗಿ ಬೆಂದಿರ್ಲಿಲ್ಲ, ಕಟುಂ ಅಂದ್ಲು. ಅದಕ್ಕೇ ದಿನಾ ಬೆಳಿಗ್ಗೆ ಬಾಬಾನ ಕಿವಿ ನೋಡ್ತಾ ಇದೀನಿ. ಇನ್ನೂ ಏನೂ ಕಾಣಿಸಿಲ್ಲ."

ಇಡೀ ತರಗತಿ ಬೆಂಚು ಬಿಟ್ಟೆದ್ದು ರಶ್ವಾನನ ಕಿವಿ ನೋಡಿತು. ಅಮ್ಮಂದಿರು ಮುಸುಕಿನೊಳಗೆ ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಒರಗಿದರು. ಇನ್‌ಶಿರಾಹ್ ಮಾತ್ರ ಕಣ್ಣೊರೆಸಿಕೊಳ್ಳುತ್ತಿದ್ದಳು. ನಗುವೋ ಅಳುವೋ ಅವಳಿಗೇ ಗೊತ್ತಿರಲಿಲ್ಲ. ಗಂಟೆ ಬಾರಿಸುವವರೆಗೂ ಜುಮಾನಾ ಪ್ರಶ್ನೆಗಳಿಗೆ ಉತ್ತರ ಕೊಟ್ಟಳು. ಗಂಟೆ ಬಾರಿಸಿದ ಮೇಲೂ ಕೊಟ್ಟಳು.

"ನಿಜವಾಗಿ ನೋಡಿದವಳು ಇವಳೇ," ಎಂದರು ಮಿಸ್ ವಿದಾದ್, ಮತ್ತು ಮೇಜಿನ ಡ್ರಾಯರಿನಿಂದ ಎರಡು ಕಾಳು ತೆಗೆದರು. ಒಂದನ್ನು ಜುಮಾನಾಳಿಗೆ ಕೊಟ್ಟರು. ಇನ್ನೊಂದನ್ನು ರಶ್ವಾನನ ಅಂಗೈಯಲ್ಲಿಟ್ಟರು. "ಇದು ನಿಮಗೆ, ಉಸ್ತಾ, ಮೇಸ್ತ್ರಿಗಳೇ. ಸಭೆಯ ದಿನ ನೀವು ಬೆಂಚಿನ ಕೆಳಗಿದ್ರಿ, ಪಾಠ ತಪ್ಪಿಹೋಯ್ತು."

ಸಂಜೆಯೊಳಗೆ ಆ ಭಾಷಣದ ರೆಕಾರ್ಡು ಅಮ್ಮಂದಿರ ಗುಂಪು ದಾಟಿ ಮರದ ಅಂಗಡಿಗಳ ಬೀದಿ ಸೇರಿತ್ತು. ಕಾರ್ಖಾನೆಯ ಕೆಲಸಗಾರರು ಬಂದಾಗೊಮ್ಮೆ "ಉಸ್ತಾ, ಕಿವಿ ಹೇಗಿದೆ?" ಎಂದು ಕುಶಲ ವಿಚಾರಿಸತೊಡಗಿದರು. ಮಂಚದ ಗಿರಾಕಿ ಕೂಡ ಬೈಯುವುದನ್ನು ಬಿಟ್ಟು ನಕ್ಕ. ಇರಲಿ, ಮಗಳು ಮಾತಾಡಿದಳಲ್ಲ; ಅದಕ್ಕೆ ಕಾರಣ ಯಾರು? ತಾನು ತಿನ್ನದಿದ್ದರೆ ಅಷ್ಟು ಒಳ್ಳೆಯ ಭಾಷಣವಾಗುತ್ತಿತ್ತೇ? ಹೀಗೆಂದು ರಶ್ವಾನ್ ವಾರವಿಡೀ ಎದೆಯುಬ್ಬಿಸಿಯೇ ಓಡಾಡಿದ.

ಈಗ ಅವರ ಮನೆಯ ಕಿಟಕಿಯಲ್ಲಿ ಎರಡು ಲೋಟಗಳಿವೆ. ಸಿಂಹಾಸನದ ಮೇಲೆ ಎರಡನೆಯ ಬಸ್ಬೂಸಾ, ಎಲೆ ಬಿಟ್ಟು ಗಾಳಿಗೆ ತಲೆದೂಗುತ್ತಿದ್ದಾಳೆ. ಪಕ್ಕದಲ್ಲಿ, ಬರೀ ಹಲಗೆಯ ಮೇಲೆ ರಶ್ವಾನನ ಕಾಳು. ಇನ್ನೂ ಮೊಳೆತಿಲ್ಲ. ಮೊಳೆಯುವುದಾದರೂ ಹೇಗೆ? ದಿನಾ ಹತ್ತು ಸಲ ಎತ್ತಿ, ತಿರುವಿ, ಒತ್ತಿ, ನೀರಲ್ಲಿ ಮುಳುಗಿಸಿ ಅದಕ್ಕೆ ಸಹಕಾರ ಕೊಡುತ್ತಿದ್ದಾನೆ.

ಪಾಠದ ಹೊತ್ತಾದರೆ ಜುಮಾನಾ ಬಂದು ಅಪ್ಪನ ಪಕ್ಕ ಕೂರುತ್ತಾಳೆ. ದಿನಾ ಅದೇ ಹೊತ್ತಿಗೆ. ನಿನ್ನೆ ಅಡಿಗೆಮನೆಯಲ್ಲಿ ಯಾರೂ ಇಲ್ಲದ ಸಮಯ ನೋಡಿ ರಶ್ವಾನ್ ದನಿ ತಗ್ಗಿಸಿದ:

"ಹಬೀಬ್ತೀ, ನಾಳೆ ಮಿಸ್‌ಗೆ ತೋರಿಸ್ಬೇಕು. ನೀನೇ ಒಂಚೂರು ಏನಾದ್ರೂ ಮಾಡ್ಕೊಡೇ?"

ಜುಮಾನಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಪಕ್ಕದಲ್ಲಿ ಬೇಕಾದ್ರೆ ಕೂತಿರ್ತೀನಿ ಬಾಬಾ. ಕೈ ಹಾಕಲ್ಲ."