ವಿಕಿರಣ ಹಾಯಿಸಿದ ಚಟ್ನಿಪುಡಿ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಸೋತದ್ದು ಕಡಿಮೆ. ಹಲಸೂರಿನ ನಮ್ಮ ಮನೆಯಲ್ಲಿ ಒಂದು ಪ್ಯಾಕೆಟ್ ಚಟ್ನಿಪುಡಿಯ ಪರ ವಾದಿಸಿ ಸೋಲುತ್ತೇನೆಂದು ಯಾಕೆ ಎಣಿಸಲಿ? ಸೋಲಲೂ ಇಲ್ಲ. ಅದೇ ಅನಾಹುತವಾದದ್ದು!

ಅಪ್ಪನಿಗೆ ರಕ್ತದ ಕ್ಯಾನ್ಸರ್. ಚಿಕಿತ್ಸೆಯಿಂದ ರೋಗ ತಡೆಯುವ ಶಕ್ತಿ ನೆಲಕಚ್ಚಿತ್ತು. ಬೇಯಿಸದ ಒಂದು ಕಣವೂ ಬಾಯಿಗೆ ಹೋಗುವಂತಿಲ್ಲ. ಗಂಜಿ ಕಂಡರೆ ಮುಖ ತಿರುಗಿಸುತ್ತಿದ್ದರು. "ಇವತ್ತೂ ತಿನ್ನದಿದ್ರೆ ಸಂಜೆ ಮೂಗಿಗೆ ಟ್ಯೂಬ್ ಹಾಕೋದೇ" ಎಂದಿದ್ದರು ಡಾಕ್ಟರು. ಅಪ್ಪ ಕೇಳಿದ್ದು ಒಂದೇ: "ಮೇಲೆ ಒಂಚೂರು ಚಟ್ನಿಪುಡಿ ಹಾಕಮ್ಮ." ಗಂಜಿಯಲ್ಲೇ ಬೇಯಿಸಿ ಕೊಟ್ಟಾಗ ಉಗುಳಿದ್ದರು.

ಆಹಾರ ಪ್ರಯೋಗಾಲಯದಲ್ಲಿರುವ ಗೆಳತಿಯಿಂದ, ವಿಕಿರಣ ಹಾಯಿಸಿ ಬ್ಯಾಕ್ಟೀರಿಯಾ ಕೊಂದ ಚಟ್ನಿಪುಡಿ ತಂದೆ. ಒಂದೇ ಪ್ಯಾಕೆಟ್. ಡಾಕ್ಟರು ಒಪ್ಪಿದರು: ಒಡೆದ ಕೂಡಲೇ ಬಡಿಸಬೇಕು, ಚಮಚ ಕುದಿಸಿರಬೇಕು. ಅಮ್ಮ ಒಪ್ಪಲಿಲ್ಲ.

"ಅವರ ಮೈಗೆ ಕೊಟ್ಟ ಕಿರಣ ಸಾಲ್ದು ಅಂತ ಊಟಕ್ಕೂ ಕೊಡ್ತೀಯಾ?"

"ಮೆಟ್ರೋದಲ್ಲಿ ನಿನ್ನ ಬ್ಯಾಗ್ ಸ್ಕ್ಯಾನ್ ಮಾಡ್ತಾರಲ್ಲಮ್ಮ, ಒಳಗಿರೋ ಬಾಳೆಹಣ್ಣು ಬಲ್ಬ್ ಥರ ಉರಿಯುತ್ತಾ?"

ಪಕ್ಕದ ಮನೆಯ ಶಮೀಮಾ ಆಂಟಿ ಮಾಸ್ಕ್ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. "ಅಲ್ಲ ಬೇಟಾ, ಕ್ರಿಮೀನ ಕೊಲ್ಲೋದು ಮನುಷ್ಯನ್ನ ಬಿಡ್ತದಾ?"

"ಕಿರಣ ಬಂತು, ಕೊಂದಿತು, ಹೋಯ್ತು. ಪುಡೀಲಿ ಉಳಿಯಲ್ಲ ಆಂಟಿ!"

ಪ್ರತಿವಾದಿಗಳು ಕದಲಲಿಲ್ಲ. ಸಾಕ್ಷ್ಯಾಧಾರ ಬೇಕೆ? ತೆಗೆದುಕೊಳ್ಳಿ! ಪ್ಯಾಕೆಟ್ ಹರಿದೆ. ಕುದಿಸಿಟ್ಟಿದ್ದ ಚಮಚ ಅದ್ದಿ ಚಪ್ಪರಿಸಿದೆ. ಸಂಶಯಕ್ಕೆ ಎಡೆಯಿರಬಾರದೆಂದು ಮತ್ತೆ ಅದ್ದಿದೆ, ಮತ್ತೆ ಚಪ್ಪರಿಸಿದೆ. ಪುಡಿಯನ್ನು ತಳದವರೆಗೂ ಕಲಕಿ ತೋರಿಸಿದೆ.

"ನೋಡಿ, ಸತ್ನಾ?"

ಆಂಟಿ ತಲೆದೂಗಿದರು. ಅಮ್ಮ ಕೂಡ "ಹೂಂ, ಹಾಕು" ಎಂದಳು. ಮೂರು ದಿನದಲ್ಲಿ ಮೊದಲ ಬಾರಿಗೆ ಅಪ್ಪ ತಾವೇ ಎದ್ದು ಕೂತು ಬಟ್ಟಲು ಚಾಚಿದರು. ಸರ್ವಾನುಮತದ ವಿಜಯ! ಚಮಚ ತುಂಬಿದೆ.

"ಏಯ್, ಎಂಜಲು ಕಣೇ ಅದು!" ಅಮ್ಮ ಕಿರುಚಿದಳು.

"ಎಂಜಲು ಗಿಂಜಲು ಎಲ್ಲಾ ಮೂಢನಂಬಿಕೆ ಅಮ್ಮ. ವೈಜ್ಞಾನಿಕವಾಗಿ ನೋಡಿದ್ರೆ ನಮ್ಮ ಬಾಯಲ್ಲಿ ಕೋಟಿಗಟ್ಲೆ ಬ್ಯಾಕ್ಟೀರಿ..."

ವಾಕ್ಯ ಅಲ್ಲೇ ನಿಂತಿತು. ವೇದಿಕೆಯ ಮೇಲೆ ಎಂದೂ ಹೀಗಾದದ್ದಿಲ್ಲ.

"ಮನೆ ಖಾಲಿ ಆಗಿತ್ತು ಬೇಟಾ," ಆಂಟಿ ಮೆಲ್ಲಗೆ ಹೇಳಿದರು. "ನೀನೇ ಹೊಸ ಬಾಡಿಗೆದಾರರನ್ನ ಕೂರಿಸ್ಬಿಟ್ಟೆ."

ಅಪ್ಪ ಬಟ್ಟಲು ಕೆಳಗಿಟ್ಟರು. "ವಾದ ಚೆನ್ನಾಗಿತ್ತು ಮಗಳೇ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಸಂಜೆ ನರ್ಸ್ ಮನೆಗೇ ಬಂದು ಟ್ಯೂಬ್ ಹಾಕಿದರು. ಹಾಕುವಾಗ ಅಪ್ಪ ನನ್ನ ಕೈ ಹಿಡಿದುಕೊಂಡಿದ್ದರು.

ಮರುದಿನ ಬೆಳಗ್ಗೆ ಅಮ್ಮ ನನ್ನ ಮುಂದೆ ಎರಡು ದೋಸೆ ಕುಕ್ಕಿದಳು. ಪಕ್ಕದಲ್ಲಿ ಅದೇ ಪ್ಯಾಕೆಟ್. "ನಿನ್ನ ಎಂಜಲು ನೀನೇ ಮುಗಿಸು."

ನಾಲ್ಕು ದಿನ ತಿಂದೆ. ನನಗೇನೂ ಆಗಲಿಲ್ಲ. ಹೇಳಿರಲಿಲ್ಲವೇ, ಪುಡಿ ಸಂಪೂರ್ಣ ಸುರಕ್ಷಿತ!