ಫೋಟೊದಲ್ಲಿದ್ದ ಬಸ್ ತಂಗುದಾಣ

ಇಂಥದ್ದೆಲ್ಲ ನಮ್ಮ ಆಫೀಸಿನಲ್ಲೇ ಯಾಕೆ ಆಗುತ್ತದೆ ಅಂತ ಕೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಬೆಂಗಳೂರು ಗ್ರಾಮಾಂತರದ ಒಂದು ಪುರಸಭೆಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದೆ. ಯಾವ ಊರು ಅಂತ ಹೇಳುವುದಿಲ್ಲ, ನನ್ನ ಪಿಂಚಣಿ ಇನ್ನೂ ಬರಬೇಕು.

ನೆರಳು

ಸಾಸಲು ಕಡೆ ಬಸ್ ಹತ್ತುವ ಸರ್ಕಲ್ಲಿನಲ್ಲಿ ನೆರಳಿರಲಿಲ್ಲ. ಸೈಟು ಮಾರುವ ಕಂಪನಿಯೊಂದು, ತಂಗುದಾಣದ ಪ್ರಾಯೋಜಕತ್ವ ನಮ್ಮದು ಅಂತ ಮುಂದೆ ಬಂತು. ಅವರು ತಂಗುದಾಣ ಕಟ್ಟಿಕೊಡಬೇಕು, ಬದಲಿಗೆ ಸರ್ಕಲ್ಲಿನಲ್ಲಿ ಐದು ವರ್ಷ ಅವರ ಬೋರ್ಡು ಇರಬಹುದು. ಆದರೆ ಯಾವುದು ಮೊದಲು ಅಂತ ಒಪ್ಪಂದದಲ್ಲಿ ಬರೆಯುವುದು ಎಲ್ಲರಿಗೂ ಮರೆತುಹೋಯಿತು.

ಒಂದೇ ವಾರದಲ್ಲಿ ಬೋರ್ಡು ಎದ್ದು ನಿಂತಿತು. ಆಮೇಲೆ ಶಾಮಿಯಾನ ಹಾಕಿಸಿ ಗುದ್ದಲಿ ಪೂಜೆ ಮಾಡಿದರು. ಗುದ್ದಲಿ ಅಲ್ಲಿಗೇ ನಿಂತಿತು. ಬಸ್ಸಿಗೆ ಬಂದವರೆಲ್ಲ ಬೋರ್ಡಿನ ನೆರಳಿನಲ್ಲೇ ಸಾಲಾಗಿ ನಿಲ್ಲುವುದನ್ನು ಕಲಿತರು. ಬೆಳಿಗ್ಗೆ ಒಂದು ಪಕ್ಕ, ಸಂಜೆ ಇನ್ನೊಂದು ಪಕ್ಕ. ನಮ್ಮ ಇಂಜಿನಿಯರು ಅದನ್ನು ಕಣ್ಣಾರೆ ನೋಡಿಕೊಂಡು ಬಂದು, ‘ಸಾರ್ವಜನಿಕರು ಸೌಲಭ್ಯವನ್ನು ಉಪಯೋಗಿಸುತ್ತಿದ್ದಾರೆ’ ಅಂತ ಷರಾ ಬರೆದರು.

ನೆರಿಗೆ

ಆಡಿಟ್‌ನವರು ಬಂದರು. ತಂಗುದಾಣ ಆಗಿದ್ದಕ್ಕೆ ದಾಖಲೆ ಏನಿದೆ ಅಂತ ಕೇಳಿದರು. ಕಡತ ಹುಡುಕಿದರೆ ಸಿಕ್ಕಿದ್ದು ಒಂದೇ ಫೋಟೊ. ಮೇಲೆ ಚಾವಣಿ, ಕೆಳಗೆ ಕುರ್ಚಿ, ಹಿಂದೆ ಕಂಪನಿಯ ಬ್ಯಾನರು, ನಡುವೆ ಹಾರ ಹಾಕಿಕೊಂಡ ಗಣ್ಯರು.

ಆಡಿಟರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ತಂಗುದಾಣ ಚೆನ್ನಾಗೇ ಇದೆ, ಆದರೆ ಸುತ್ತ ಕೆಂಪು ಬಟ್ಟೆಯ ನೆರಿಗೆ ಯಾಕಿದೆ ಅಂದರು.

ಇಂಜಿನಿಯರು ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ.

“ಡಿಸೈನು ಸಾರ್,” ಅಂದರು ಇಂಜಿನಿಯರು.

ಹೊಣೆ

ಹೊಣೆಗಾರರು ಯಾರು ಅಂತ ಪತ್ತೆ ಮಾಡಿ ಅಂತ ಜಿಲ್ಲೆಯಿಂದ ಪತ್ರ ಬಂತು. ಮುಖ್ಯಾಧಿಕಾರಿಗಳು ಮೀಟಿಂಗ್ ಕರೆದರು. ಒಪ್ಪಂದವಾದಾಗ ತಾನು ಬೇರೆ ಊರಿನಲ್ಲಿದ್ದೆ ಅಂತ ಅವರು ಮೊದಲೇ ಹೇಳಿಬಿಟ್ಟರು. ಇಂಜಿನಿಯರು, ಕಟ್ಟಿದ್ದನ್ನು ಅಳೆಯುವುದು ನನ್ನ ಕೆಲಸ, ಕಟ್ಟದೇ ಇದ್ದದ್ದನ್ನು ಎಲ್ಲಿಂದ ಅಳೆಯಲಿ ಅಂದರು. ಕಂಪನಿಗೆ ಫೋನು ಮಾಡಿದರೆ, ಆ ಕಂಪನಿ ಮುಚ್ಚಿದೆ, ಇದು ಬೇರೆ ಕಂಪನಿ, ಆದರೆ ಬೋರ್ಡು ನಮ್ಮದೇ ಅಂದರು.

ಕಡತದ ಪ್ರತಿ ಹಾಳೆಯಲ್ಲೂ ಇದ್ದದ್ದು ನನ್ನ ಅಕ್ಷರ ಮಾತ್ರ. ‘ಆದೇಶಕ್ಕಾಗಿ ಮಂಡಿಸಿದೆ.’ ಮೂವತ್ತೊಂದು ವರ್ಷದಲ್ಲಿ ನಾನು ಸ್ವಂತವಾಗಿ ಬರೆದ ವಾಕ್ಯ ಅದೊಂದೇ.

“ನೋಡ್ರೀ, ಎಲ್ಲಾ ಕಡೆ ನಿಮ್ ಕೈಬರಹವೇ ಇದೆ,” ಅಂದರು ಮುಖ್ಯಾಧಿಕಾರಿಗಳು. “ರಿಟೈರ್ ಆಗೋಕೆ ಇನ್ನೆಷ್ಟು ದಿನ ಇದೆ?”

ಮೂರು ತಿಂಗಳು ಅಂದೆ. ತಂಗುದಾಣ ಸಿಗದಿದ್ದರೆ ಪಿಂಚಣಿ ಕಾಗದ ಮುಂದಕ್ಕೆ ಹೋಗುವುದಿಲ್ಲ ಅಂದರು. ನಿಜವಾಗಿ ಹೆದರಿಕೆಯಾಯಿತು. ಮನೆಗೆ ಹೋಗಿ ಹೇಳಿದರೆ ನನ್ನ ಹೆಂಡತಿ, ಅಷ್ಟು ದೊಡ್ಡದನ್ನು ಎಲ್ಲಿಟ್ಟು ಮರೆತಿರಿ ಅಂತ ಕೇಳಿದಳು.

ಪರಿಶೀಲನೆ

ಜಿಲ್ಲೆಯಿಂದ ವಿಚಾರಣಾಧಿಕಾರಿಗಳು ಸ್ಥಳ ಪರಿಶೀಲನೆಗೆ ಬಂದದ್ದು ಸುಡುವ ಮಧ್ಯಾಹ್ನ. ಬಿಸಿಲಲ್ಲಿ ನಿಂತು ನೋಡಲಿ, ಏನೂ ಇಲ್ಲ ಅನ್ನುವುದು ತಾನಾಗಿಯೇ ತಿಳಿಯುತ್ತದೆ, ಯಾರು ಕಟ್ಟಲಿಲ್ಲವೋ ಅವರನ್ನು ಹಿಡಿಯುತ್ತಾರೆ ಅಂತ ನನ್ನ ಆಸೆ. ಆದರೆ ನಮ್ಮಲ್ಲಿ ಸಾಹೇಬರು ಬರುತ್ತಾರೆ ಅಂದರೆ ಶಾಮಿಯಾನ ಹಾಕದೇ ಇರುವುದುಂಟೇ? ಯಾರೂ ಹೇಳದೆಯೇ ಸರ್ಕಲ್ಲಿನಲ್ಲಿ ಶಾಮಿಯಾನ ಎದ್ದಿತ್ತು. ಗುದ್ದಲಿ ಪೂಜೆಗೆ ಹಾಕಿದವನೇ, ಅದೇ ಕೆಂಪು ನೆರಿಗೆಯದನ್ನೇ ಹಾಕಿದ್ದ.

ಅಧಿಕಾರಿಗಳು ಜೀಪಿನಿಂದ ನೇರ ನೆರಳಿಗೆ ಇಳಿದು ಎಳನೀರು ಕುಡಿದರು. ನೆರಳು ಕಂಡು, ಸಾಸಲು ಬಸ್ಸಿಗೆ ಕಾಯುತ್ತಿದ್ದ ಏಳೆಂಟು ಜನರೂ ಒಳಗೆ ಬಂದು ಕೂತರು. ಅವರಲ್ಲಿ ಒಬ್ಬರು ಅಜ್ಜಿ. ಅಧಿಕಾರಿಗಳು ಅವರನ್ನು, ಇಲ್ಲಿ ಕೂತು ಬಸ್ಸು ಕಾಯೋಕೆ ಅನುಕೂಲವೇ ಅಂತ ಕೇಳಿದರು.

“ತಣ್ಣಗೈತೆ ಸ್ವಾಮಿ. ಕುರ್ಚೀನೂ ಹಾಕವ್ರೆ,” ಅಂದರು ಅಜ್ಜಿ.

ನಾನು ಧೈರ್ಯ ಮಾಡಿ, ಸಾರ್, ಇದು ಶಾಮಿಯಾನ ಅಂದೆ. ಅವರು ಕಡತದಲ್ಲಿದ್ದ ಫೋಟೊ ಹೊರತೆಗೆದು ಮೇಲಿನ ನೆರಿಗೆಯನ್ನೂ ಫೋಟೊದ ನೆರಿಗೆಯನ್ನೂ ಹೋಲಿಸಿದರು. ಎರಡೂ ಒಂದೇ ಆಗಿತ್ತು. ‘ತಂಗುದಾಣ ತಾತ್ಕಾಲಿಕ ರೂಪದಲ್ಲಿ ಇದೆ, ಬಳಕೆಯಲ್ಲಿದೆ. ವಿಷಯ ನಿರ್ವಾಹಕರಿಗೆ ಮಾತ್ರ ಇದರ ಮಾಹಿತಿ ಇಲ್ಲ’ ಅಂತ ಬರೆದುಕೊಂಡರು. ವಿಷಯ ನಿರ್ವಾಹಕ ಅಂದರೆ ನಾನೇ.

ಬೋರ್ಡು

ಸಂಜೆ ಶಾಮಿಯಾನದವನು ಬಿಚ್ಚಲು ಬಂದ. ಹೊಸಕೋಟೆ ಕಡೆ ಗೃಹಪ್ರವೇಶವಿತ್ತಂತೆ. ಅಷ್ಟರಲ್ಲಿ ಮುಖ್ಯಾಧಿಕಾರಿಗಳ ಫೋನು. ವರದಿ ಹೋಗಿದೆ, ಇನ್ನು ಆ ತಂಗುದಾಣ ಕಾಣೆಯಾದರೆ ಸರ್ಕಾರಿ ಸೊತ್ತು ಕಳೆದಂತೆ, ಹೊಣೆ ನಿಮ್ಮದೇ ಅಂದರು. ನಾನು ಓಡಿಹೋಗಿ ಕಂಬ ಹಿಡಿದುಕೊಂಡೆ. ನಾಚಿಕೆ ಬಿಟ್ಟು ಬೇಡಿಕೊಂಡೆ.

ಅವನು ಕಂಪನಿಯ ಬೋರ್ಡಿನ ಕಡೆ ತಿರುಗಿ ನೋಡಿದ.

“ಆಯ್ತು ಸಾರ್, ಇಲ್ಲೇ ಬಿಡ್ತೀನಿ. ಅವ್ರ ಥರ ನಾನೂ ನಂದೊಂದು ಬೋರ್ಡ್ ಹಾಕ್ಕೊಂಡ್ಬಿಡ್ತೀನಿ.”

ಮೊದಲು ನೆರಳು ಕೊಟ್ಟು ಆಮೇಲೆ ಬೋರ್ಡು ಕೇಳಿದ ಪ್ರಾಯೋಜಕನನ್ನು ನಾನು ಕಂಡದ್ದು ಅದೇ ಮೊದಲು. ಮಾರನೆಯ ದಿನ ಸಣ್ಣದೊಂದು ತಗಡಿನ ಬೋರ್ಡು ಬಂತು, ಅಜ್ಜಿಯೂ ಬಂದು ತಮ್ಮ ಕುರ್ಚಿಯಲ್ಲಿ ಕೂತರು.

ನಾಲ್ಕೇ ದಿನಕ್ಕೆ ನನ್ನ ಮೇಜಿಗೆ ಒಂದು ನೋಟಿಸಿನ ಕರಡು ಬಂತು. ಅನುಮತಿಯಿಲ್ಲದೆ ಬೋರ್ಡು ಹಾಕಿದ್ದಕ್ಕೆ ಶಾಮಿಯಾನದವನು ಎಲ್ಲವನ್ನೂ ತೆರವು ಮಾಡಬೇಕಂತೆ. ಅವನ ಹೆಸರು, ತಂದೆಯ ಹೆಸರು, ಮನೆ ವಿಳಾಸ, ಯಾವುದರಲ್ಲೂ ಒಂದು ತಪ್ಪಿಲ್ಲ. ದೊಡ್ಡ ಬೋರ್ಡಿಗೆ ಎರಡು ತಿಂಗಳು ಹುಡುಕಿದರೂ ಸಿಗದ ಹೊಣೆಗಾರ, ತಗಡಿನ ಬೋರ್ಡಿಗೆ ನಾಲ್ಕೇ ದಿನದಲ್ಲಿ ಸಿಕ್ಕಿದ್ದ.

ಮುಖ್ಯಾಧಿಕಾರಿಗಳ ರುಜುವಿಗೆ ಅದನ್ನು ಕಳಿಸಬೇಕಾದವನು ನಾನು. ಮಡಿಸಿ ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡೆ. ಮೂವತ್ತೊಂದು ವರ್ಷದಲ್ಲಿ ಆದೇಶಕ್ಕಾಗಿ ನಾನು ಮಂಡಿಸದ ಕಾಗದ ಅದೊಂದೇ.